ಗೋಡೆಯಿಂದ ಗೋಡೆಗೆ ಹಿಡಿಸುವ ಲೆನ್ಸು

ಹೆಣದ ಫೋಟೋ ತೆಗೆಯುವಾಗ ನನ್ನ ಬೆನ್ನು ಯಾವಾಗಲೂ ಗೋದಲಿಗೆ ತಾಗುತ್ತಿತ್ತು. ನಮ್ಮ ಕಡೆಯ ಹಳೆಯ ಮನೆಗಳು ಹಾಗೆಯೇ. ತಲೆಬಾಗಿಲು ದಾಟಿದರೆ ಮೊದಲು ಮೇವು ಹಾಕುವ ಗೋದಲಿ, ದನ ಕಟ್ಟುವ ಜಾಗ, ಅದರಾಚೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆ ಹತ್ತಿದರೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ಅಡುಗೆಮನೆಯ ಬಾಗಿಲು. ಸತ್ತವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಫೋಟೋ ತೆಗೆಯುವವನು ಹಿಂದೆ ಸರಿಯುತ್ತ ಕಟ್ಟೆ ಇಳಿದು, ಎತ್ತುಗಳ ನಡುವೆ ಹಾದು, ಕೊನೆಗೆ ಗೋದಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಇಳಕಲ್ಲಿನ ಬಜಾರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೆ. ಒಳಗಿನ ಕೆಲಸಕ್ಕೆ ಮೂರು ಕಾಲಿನ ಹಳೆಯ ದೊಡ್ಡ ಕ್ಯಾಮೆರಾ. ಹೊರಗಿನ ಕೆಲಸಕ್ಕೆ ಯಾರೋ ಬಳಸಿ ಮಾರಿದ ಒಂದು ಜಪಾನಿ ಕ್ಯಾಮೆರಾ, ಅದರ ಜೊತೆಗೇ ಬಂದ ಒಂದೇ ಲೆನ್ಸು. ಲೆನ್ಸು ಒಳ್ಳೆಯದೇ. ಮುಖ ಹೇಗಿದೆಯೋ ಹಾಗೆ ತೋರಿಸುತ್ತಿತ್ತು. ಆದರೆ ಗೋದಲಿಗೆ ಬೆನ್ನು ಹಚ್ಚಿ ನಿಂತರೂ ಸತ್ತವರು ಮತ್ತು ಅವರ ಆಚೀಚೆ ಒಂದಿಷ್ಟು ಜನ, ಅಷ್ಟೇ ಅದರಲ್ಲಿ ಹಿಡಿಸುತ್ತಿದ್ದರು. ಮನೆಯಲ್ಲಿ ಇರುವವರು ಅದರ ಎರಡರಷ್ಟು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಕೊಡುವುದಿಲ್ಲ, ಕೂಡಿಸಿಯೇ ಕೊಡುತ್ತಾರೆ. ಮೀಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹೂವು ಹಾಕಿ ಗೋಡೆಗೆ ಕೂಡಿಸುತ್ತಾರೆ. ವಾಲದಂತೆ ಎದೆಗೊಂದು ಬಟ್ಟೆಯ ಪಟ್ಟಿ ಹಾಯಿಸಿ ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಭಜನೆಯವರು ತಾಳ ಹಿಡಿದು ಕೂಡುತ್ತಾರೆ. ಅಷ್ಟರಲ್ಲಿ ಒಬ್ಬ ಬಸ್ಸು ಹಿಡಿದು ಫೋಟೋದವನನ್ನು ಕರೆಯಲು ಬಂದಿರುತ್ತಾನೆ. ಎಷ್ಟೋ ಮಂದಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಚೀಲ ಹೆಗಲಿಗೇರಿಸಿಕೊಂಡು ಹಳ್ಳಿಯ ಓಣಿಯಲ್ಲಿ ಕಾಲಿಟ್ಟರೆ ಸಾಕು, ಹೆಂಗಸರು ಕಸಬರಿಗೆ ನಿಲ್ಲಿಸಿ ‘ಯಾರ ಮನ್ಯಾಗ್ರಿ?’ ಎಂದು ಕೇಳುತ್ತಿದ್ದರು. ಯಾರ ಮದುವೆ ಎಂದು ಒಬ್ಬರೂ ಕೇಳಲಿಲ್ಲ.

ನಾನು ಓದಿದ್ದು ಬಾದಾಮಿ ಕಡೆ, ಮಲಪ್ರಭೆಯ ದಂಡೆಯ ಮೇಲಿನ ಒಂದು ಮಠದ ವಸತಿ ಶಾಲೆಯಲ್ಲಿ. ಅಲ್ಲಿ ಎಲ್ಲವೂ ಗಂಟೆಯ ಮೇಲೆ. ಬೆಳಕು ಹರಿಯುವ ಮೊದಲು ಏಳುವುದು, ಹೊಳೆಗೆ ಇಳಿಯುವುದು, ಹಾಸಿಗೆ ಸುತ್ತಿ ಗೋಡೆಗೆ ಇಡುವುದು, ಉಂಡ ತಾಟು ತೊಳೆದು ಸಾಲಾಗಿ ಬೋರಲು ಹಾಕುವುದು. ಆ ರೂಢಿ ಮುಂದೆ ಕಸುಬಿಗೂ ಬಂತು. ನನ್ನ ಚೀಲ ಯಾವಾಗಲೂ ತುಂಬಿಯೇ ಇರುತ್ತಿತ್ತು. ಸಾವಿನ ಮನೆಗೆ ಹೋದರೆ ಅಳುವವರ ನಡುವೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ಬೆಳಕಿಂಡಿ ತೆಗೆಸುವುದು, ಜನರನ್ನು ಕೂಡಿಸುವುದು, ಫೋಟೋ ತೆಗೆಯುವುದು, ಕಾಲು ತೊಳೆದು ಹೊರಡುವುದು. ಬೇಗ ಮುಗಿಸುವವನೆಂದು ಹುನಗುಂದ ಸೀಮೆಯಲ್ಲಿ ನನಗೆ ಹೆಸರಿತ್ತು.

ಆದರೆ ಜನರನ್ನು ಕೂಡಿಸುವುದು ಬೇಗ ಮುಗಿಯುವ ಕೆಲಸವಲ್ಲ. ಆ ಫೋಟೋ ಮುಂದೆ ಪಡಸಾಲೆಯ ಗೋಡೆಗೆ ತೂಗುತ್ತದೆ. ಹೆಣ್ಣು ಕೊಡಲು ಬಂದವರು, ಹೆಣ್ಣು ಕೇಳಲು ಬಂದವರು ನೀರು ಕುಡಿಯುತ್ತ ಮೊದಲು ನೋಡುವುದು ಅದನ್ನೇ. ಸತ್ತವರ ಮಗ್ಗುಲಿಗೆ ಕೂತವರು ಮನೆಯವರು. ಕೂರದವರ ಬಗ್ಗೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ನನ್ನ ಅಕ್ಕನನ್ನು ಬೇವೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಒಕ್ಕಲುತನದ ಮನೆ. ಅವಳ ಗಂಡನೇ ಹಿರಿಯ ಮಗ, ಅವನ ಕೆಳಗೆ ಇಬ್ಬರು ತಮ್ಮಂದಿರು. ಅಕ್ಕನಿಗೆ ಮಕ್ಕಳಾಗಲಿಲ್ಲ. ಮೈದುನರ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದಳು. ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ ಅವಳ ಗಂಡ ತೀರಿಕೊಂಡ. ಫೋಟೋಕ್ಕೆ ನನ್ನನ್ನೇ ಕರೆದರು. ನಾನು ಬೀಗನೂ ಹೌದು, ಫೋಟೋದವನೂ ಹೌದು, ದುಡ್ಡು ಕೇಳುವಂತಿಲ್ಲ.

ಆ ದಿನ ಮೈದುನರಿಬ್ಬರು ಅಣ್ಣನ ಆಚೀಚೆ ಕೂತರು. ಅವರ ಹೆಂಡಂದಿರು, ಮಕ್ಕಳು, ಮುದುಕಿ ಅತ್ತೆ ಕೂತರು. ಅಕ್ಕನನ್ನು ಓಣಿಯ ಹೆಂಗಸರು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂಡಿಸಿದ್ದರು. ನಾನು ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ನೋಡಿದರೆ ಆ ಬಾಗಿಲಿನ ಚೌಕಟ್ಟಿನ ತನಕ ಮಾತ್ರ ಕಾಣುತ್ತಿತ್ತು. ಅಕ್ಕ ಚೌಕಟ್ಟಿನ ಆಚೆ ಇದ್ದಳು. ಸ್ವಲ್ಪ ಒತ್ತಿ ಕೂಡಲು ಹೇಳಿದೆ. ಜಾಗವಿಲ್ಲ, ಹೊತ್ತು ಮುಳುಗುತ್ತದೆ, ಮಣ್ಣಿಗೆ ಬಂದವರು ಕಾಯುತ್ತಿದ್ದಾರೆ ಎಂದು ಹಿರಿಯ ಮೈದುನ ಅಂದ. ಅದೂ ಸುಳ್ಳಲ್ಲ. ಎತ್ತು ಬಾಲ ಬೀಸಿ ನನ್ನ ಕೈಗೆ ಹೊಡೆಯುತ್ತಿತ್ತು. ಬೆನ್ನ ಹಿಂದೆ ಗೋದಲಿ. ಇದ್ದಷ್ಟನ್ನೇ ತೆಗೆದೆ. ಗಂಡನ ಕೊನೆಯ ಫೋಟೋದಲ್ಲಿ ಹೆಂಡತಿ ಇಲ್ಲ.

ಅದರಿಂದ ಏನಾದೀತು ಎಂದು ಆಗ ಹೊಳೆಯಲಿಲ್ಲ. ಆಮೇಲಿನ ವರ್ಷಗಳಲ್ಲಿ ತಿಳಿಯಿತು. ಹಿರಿಯ ಮೈದುನನ ಮಗಳನ್ನು ನೋಡಲು ಬಂದ ಬೀಗರು ಗೋಡೆಯ ಫೋಟೋ ನೋಡಿ ಮನೆಯವರನ್ನೆಲ್ಲ ಗುರುತು ಹಿಡಿದರಂತೆ. ಚಹಾ ತಂದುಕೊಟ್ಟ ಅಕ್ಕನನ್ನು ಇವರ್ಯಾರು ಎಂದು ಕೇಳಿದರಂತೆ. ಮೈದುನ ‘ನಮ್ಮ ಪೈಕಿನ, ಕೈಗೆಲಸಕ್ಕ ಇರ್ತಾಳ’ ಅಂದುಬಿಟ್ಟ. ಮಕ್ಕಳಿಲ್ಲದ ವಿಧವೆಯನ್ನು ಹಿರಿಸೊಸೆ ಎಂದು ಹೇಳಿದರೆ ಮುಂದೆ ವಾಟ್ನಿಯ, ಹೊಲಮನೆಯ ಪಾಲಿನ ಮಾತು ಬಂದೀತು ಎಂದು ಅವನ ಲೆಕ್ಕ. ತವರಿಗೆ ಹೋಗಿ ಇರಬಾರದೇಕೆ ಎಂದು ಊಟಕ್ಕೆ ಕೂತಾಗ ಅಡ್ಡಮಾತು ಆಡುವುದೂ ಶುರುವಾಗಿತ್ತು. ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು, ಅವಳ ಸೇವೆಗೆ ಅಕ್ಕ ಬೇಕಿತ್ತು. ಅತ್ತೆ ಇರುವ ತನಕ ಅಕ್ಕ ಇರುತ್ತಾಳೆ. ಆಮೇಲೆ ಏನು?

ಇದನ್ನೆಲ್ಲ ಅಕ್ಕ ಹೇಳಿದ್ದು ನಾಗರಪಂಚಮಿ ಹಬ್ಬಕ್ಕೆ ಇಳಕಲ್ಲಿಗೆ ಬಂದಾಗ, ನನ್ನ ಹೆಂಡತಿಯ ಜೊತೆ ಉಂಡಿ ಕಟ್ಟುತ್ತ. ಅಳಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ನಮ್ಮಲ್ಲೇ ಇದ್ದುಬಿಡು ಎಂದೆವು. ಅದಕ್ಕೆ ಒಪ್ಪಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಸಾರಿಸಿದ ಕಟ್ಟೆ ಅದು, ಅದನ್ನು ಬಿಟ್ಟು ಬಂದರೆ ತಾನು ಕೈಗೆಲಸದವಳೇ ಎಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದಳು.

ಆಮೇಲೆ ಉಂಡಿಯ ಬುಟ್ಟಿ ಮುಚ್ಚಿಟ್ಟು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

‘ನಮ್ಮತ್ತಿ ಫೋಟೋದಾಗರ ನಾ ಇರಬೇಕು ತಮ್ಮಾ. ಮುದುಕಿ ಇನ್ನೊಂದು ಪಂಚಮಿ ನೋಡ್ತಾಳೋ ಇಲ್ಲೋ.’

ಬೇಕಾದರೆ ಈಗಲೇ ಸ್ಟುಡಿಯೋಕ್ಕೆ ಬಾ, ನಿನ್ನದೊಂದು ತೆಗೆಯುತ್ತೇನೆ ಎಂದೆ. ಮೊದಲೂ ಎಷ್ಟೋ ಸಲ ಕರೆದಿದ್ದೆ. ಮದುವೆಯಾದ ಹೆಣ್ಣುಮಗಳು ಬಜಾರದ ಸ್ಟುಡಿಯೋ ಹತ್ತುವುದು ಹೇಗೆ ಎಂದು ಆಗೆಲ್ಲ ಸೆರಗು ಮುಖಕ್ಕೆ ಎಳೆದುಕೊಂಡು ನಗುತ್ತಿದ್ದಳು.

‘ಒಬ್ಬಾಕಿದು ತಗೊಂಡು ಏನ್ ಮಾಡ್ಲಿ? ಬಸ್ಸಿನ ಪಾಸಿಗೆ ಹಚ್ಚಲ್ಯಾ?’ ಎಂದಳು. ‘ಮನಿ ಮಂದಿ ಜೋಡಿ ಇರಬೇಕು.’

ನಾನು ಇನ್ನೊಂದು ಲೆನ್ಸಿಗೆಂದು ಹಣ ಕೂಡಿಸುತ್ತಿದ್ದೆ. ದಿನಾ ಸ್ಟುಡಿಯೋ ಮುಚ್ಚುವ ಮುಂಚೆ ಒಂದಿಷ್ಟು ತೆಗೆದು, ಫೋಟೋ ತೊಳೆಯುವ ಹೈಪೋದ ಖಾಲಿ ಡಬ್ಬಿಗೆ ಹಾಕುವುದು. ಹಬ್ಬ ಬರಲಿ, ಜ್ವರ ಬರಲಿ, ಆ ಡಬ್ಬಿಗೆ ಕೈ ಹಾಕಿರಲಿಲ್ಲ. ಮೂರು ವರ್ಷಕ್ಕೆ ಒಂದು ಹಳೆಯ ಲೆನ್ಸು ಬರುವಷ್ಟಾಗಿತ್ತು. ಒಂದು ಮಾತ್ರ.

ಆ ಹಣ ಕೂಡಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದು ದೂರದ ಲೆನ್ಸು. ದೂರದ್ದನ್ನು ಹತ್ತಿರ ಎಳೆದು ತೋರಿಸುವಂಥದ್ದು. ಬಾದಾಮಿಯ ಗುಹೆಗಳಲ್ಲಿ ತೊಲೆಗಳ ಕೆಳಗೆ ಕೆತ್ತಿದ ಜೋಡಿಗಳಿವೆ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಕತ್ತಲಲ್ಲಿ ಮೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಆ ಮುಖಗಳನ್ನು ತೆಗೆದು ಕಾರ್ಡು ಮಾಡಿ ನೋಡಲು ಬಂದವರಿಗೆ ಮಾರಬಹುದು ಎಂಬ ಆಸೆ. ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ನಮ್ಮ ಮಂದಿ ಕ್ಯಾಮೆರಾ ಕಂಡ ಕೂಡಲೇ ಹೆಣದ ಹಾಗೆ ಸೆಟೆದು ಕೂಡುತ್ತಿದ್ದರು. ಅವರು ನೋಡಿದ ಫೋಟೋಗಳೇ ಅಂಥವು. ದೂರದ ಲೆನ್ಸಿದ್ದರೆ ಓಣಿಯ ಆಚೆ ದಂಡೆಗೆ ನಿಂತು, ಮಗ್ಗದ ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತ ಹರಟುವವರನ್ನು ಅವರಿಗೆ ಗೊತ್ತಾಗದ ಹಾಗೆ ತೆಗೆಯಬಹುದಿತ್ತು. ಜೀವ ಇದ್ದವರನ್ನು ಜೀವ ಇದ್ದ ಹಾಗೆ.

ಪಂಚಮಿ ಮುಗಿದು ಅಕ್ಕ ಊರಿಗೆ ಹೋದಳು. ಮರುವಾರವೇ ಡಬ್ಬಿ ಬರಿದು ಮಾಡಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ.

ಬಾಗಲಕೋಟೆಯಲ್ಲಿ ಒಬ್ಬ ಹಿರಿಯರು ಬಹಳ ವರ್ಷ ಸ್ಟುಡಿಯೋ ನಡೆಸಿ, ಕಣ್ಣು ಮಂದವಾದ ಮೇಲೆ ಸಾಮಾನು ಮಾರುತ್ತಿದ್ದರು. ಪರದೇಶದಿಂದ ಬಾದಾಮಿ ನೋಡಲು ಬಂದವರು ಖರ್ಚಿಗೆ ಕಡಿಮೆ ಬಿದ್ದಾಗ ಮಾರಿ ಹೋದ ಲೆನ್ಸುಗಳು ಸುತ್ತಿ ಬಳಸಿ ಅವರ ಹತ್ತಿರವೇ ಬಂದು ಸೇರುತ್ತಿದ್ದವು. ನನ್ನ ಕ್ಯಾಮೆರಾಕ್ಕೆ ತಿರುಗಿಸಿ ಕೂಡಿಸಲು ಬರುವಂಥವು ಆ ದಿನ ಮೂರು ಇದ್ದವು. ಟೇಬಲ್ಲಿನ ಮೇಲೆ ಧೋತರದ ತುಂಡು ಹಾಸಿ ಮೂರನ್ನೂ ಇಟ್ಟರು.

ಮೊದಲನೆಯದು ದೂರದ ಲೆನ್ಸು. ಗಾಜಿನ ಮೇಲೆ ಒಂದು ಗೀರಿಲ್ಲ. ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಎರಡನೆಯದು ನನ್ನ ಲೆನ್ಸಿಗಿಂತ ಸ್ವಲ್ಪ ಹೆಚ್ಚು ಅಗಲ ಹಿಡಿಯುವಂಥದ್ದು, ಹೆಸರಾದ ಕಂಪನಿಯದು. ಅದರ ಬೆಲೆ ನನ್ನ ಡಬ್ಬಿಯ ಎರಡರಷ್ಟು. ಅದನ್ನು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟೆ. ಮೂರನೆಯದು ಬಹಳ ಅಗಲದ್ದು, ಕೇಳರಿಯದ ಕಂಪನಿಯದು. ಬಣ್ಣ ಹಾರಿ ಲೋಹ ಕಾಣುತ್ತಿತ್ತು. ಮೊದಲನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ಕಡಿಮೆ ಒಂದೇ ಬೆಲೆ, ನನ್ನ ಹತ್ತಿರ ಇದ್ದಷ್ಟು.

‘ಒಂದು ದೂರದ್ದನ್ನ ಹತ್ರ ತರ್ತೈತಿ, ಒಂದು ಹತ್ರದ್ದನ್ನ ದೂರ ಒಯ್ತೈತಿ. ನಿನಗ ಯಾವುದು ಬೇಕು?’ ಎಂದು ಕೇಳಿದರು.

‘ಎರಡೂ ಬೇಕ್ರಿ.’

‘ಎರಡೂ ಬೇಕಾದವರು ಬೊಂಬಾಯಿಯಾಗ ಇರ್ತಾರ. ಇಳಕಲ್ಲಾಗ ಇರಂಗಿಲ್ಲ.’

ಅಗಲದ್ದನ್ನು ಕ್ಯಾಮೆರಾಕ್ಕೆ ಹಾಕಿ ಅವರ ಅಂಗಡಿಯ ಮೂಲೆಗೆ ನಿಂತು ನೋಡಿದೆ. ಇಡೀ ಗೋಡೆ, ಆಚೆಯ ಬಾಗಿಲು, ಈಚೆಯ ಕಪಾಟು, ಎಲ್ಲವೂ ಒಳಗೆ ಬಂದವು. ಅಕ್ಕನ ಮನೆಯ ಪಡಸಾಲೆಯೂ ಹೆಚ್ಚು ಕಡಿಮೆ ಅಷ್ಟೇ. ಅಡುಗೆಮನೆಯ ಬಾಗಿಲು ದಾಟಿ ಇನ್ನೂ ಒಬ್ಬರಿಗೆ ಜಾಗ ಉಳಿಯುತ್ತಿತ್ತು. ದೂರದ್ದನ್ನು ಹಾಕಿ ಬೀದಿಗೆ ತಿರುಗಿಸಿದೆ. ಎದುರಿನ ಚಹಾದ ಅಂಗಡಿಯಲ್ಲಿ ಬಶಿಯಿಂದ ಚಹಾ ಹೀರುತ್ತಿದ್ದ ಒಬ್ಬ ಮುದುಕನ ಕಣ್ಣಿನ ರೆಪ್ಪೆ ಕಂಡಿತು. ಅವನಿಗೆ ನನ್ನ ಅರಿವಿರಲಿಲ್ಲ. ಬಹಳ ಹೊತ್ತು ನೋಡಿದೆನೆಂದು ಕಾಣುತ್ತದೆ.

‘ಅದ ನಿನ್ನ ಲೆನ್ಸು ನೋಡು. ಮಾರಿ ಮ್ಯಾಲೆ ಕಾಣತೈತಿ’ ಎಂದರು ಹಿರಿಯರು.

ನಾನು ಅಗಲದ್ದನ್ನು ಕೊಡಿ ಎಂದೆ. ಯಾತಕ್ಕೆ ಎಂದು ಕೇಳಿದರು. ಪಡಸಾಲೆಯ ಮಾತು ಹೇಳಿದೆ. ಅವರಿಗೂ ಗೋದಲಿಯ ಅನುಭವವಿತ್ತು, ತಲೆಯಾಡಿಸಿದರು. ಗಾಜು ಒರೆಸಿ, ಧೋತರದ ಆ ತುಂಡಿನಲ್ಲೇ ಸುತ್ತಿ ಕೈಗೆ ಕೊಡುವಾಗ ನಕ್ಕರು.

‘ಒಂದು ಮಾತು ನೆನಪಿಡು. ಇದರಾಗ ಅಂಚಿಗೆ ಕುಂತವರು ದಪ್ಪ ಆಗ್ತಾರ. ಸಾವಕಾರರನ್ನ ಕುಂದರಸು, ಖುಷಿ ಪಡ್ತಾರ.’

ಅಂಗಡಿಯವರ ಚೇಷ್ಟೆ ಎಂದು ನಾನೂ ನಕ್ಕು ಎದ್ದೆ.

ಹೊಸ ಸಾಮಾನು ಬಂದರೆ ಪರೀಕ್ಷೆ ಮಾಡದೆ ಕೆಲಸಕ್ಕೆ ಒಯ್ಯಬಾರದು ಎಂಬುದು ನನ್ನ ನಿಯಮ. ಅಲ್ಲಿಂದಲೇ ಬಾದಾಮಿಗೆ ಹೋದೆ. ಗುಹೆಯ ಮೊಗಸಾಲೆಯೊಳಗೆ ಗೋಡೆಗೆ ಬೆನ್ನು ಕೊಟ್ಟು ಕಂಬಗಳ ಸಾಲನ್ನು ಪೂರ್ತಿ ತೆಗೆದೆ. ಹಳೆಯ ಲೆನ್ಸಿನಲ್ಲಿ ಅದು ಆಗುವ ಮಾತೇ ಅಲ್ಲ. ಇಳಕಲ್ಲಿಗೆ ಬಂದು ತೊಳೆದು ನೋಡಿದೆ. ನಡುವಿನ ಕಂಬಗಳು ನೆಟ್ಟಗಿದ್ದವು. ಅಂಚಿನವು ಒಂದಿಷ್ಟು ದಪ್ಪ, ಒಂದಿಷ್ಟು ಹೊರಕ್ಕೆ ವಾಲಿದ ಹಾಗೆ. ಕಲ್ಲಿನ ಕಂಬ. ಕೆತ್ತಿದವನು ಎಷ್ಟು ದಪ್ಪ ಕೆತ್ತಿದ್ದನೋ ಯಾರಿಗೆ ಗೊತ್ತು? ದಪ್ಪ ಕಂಬ ನೋಡಲು ಚಂದವೇ ಕಂಡಿತು. ಪರೀಕ್ಷೆ ಸರಿ ಬಂತೆಂದು ಲೆನ್ಸನ್ನು ಚೀಲದಲ್ಲಿ ಅದರ ಜಾಗಕ್ಕೆ ಇಟ್ಟೆ. ನಮ್ಮಲ್ಲಿ ಕ್ಯಾಮೆರಾ ಪರೀಕ್ಷೆ ಮಾಡಲು ಬಾದಾಮಿಗೆ ಹೋಗದವರಿಲ್ಲ. ಬಿಸಿಲು, ಕತ್ತಲು, ಕಂಬ, ನೀರು, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಮನುಷ್ಯರ ಮುಖವೊಂದು ಸಿಗುವುದಿಲ್ಲ, ಸಿಕ್ಕರೂ ಕಲ್ಲಿನದು.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಊರಿನವನೊಬ್ಬ ಸ್ಟುಡಿಯೋಕ್ಕೆ ಬಂದ. ಅವನು ಬಾಯಿ ತೆರೆಯುವ ಮುಂಚೆಯೇ ಚೀಲ ಹೆಗಲಿಗೆ ಹಾಕಿಕೊಂಡೆ.

ಮುದುಕಿಯನ್ನು ಆಗಲೇ ಕೂಡಿಸಿದ್ದರು. ಗೂಟಕ್ಕೆ ಪಟ್ಟಿ ಕಟ್ಟಿತ್ತು. ಮೂರು ಬೆರಳಿನ ವಿಭೂತಿ ಹಣೆಯ ತುಂಬ. ಮೈದುನರು ಆಚೀಚೆ ಕೂತು, ಹೆಂಡಂದಿರನ್ನು ಮಕ್ಕಳನ್ನು ಸಾಲಾಗಿ ಕೂಡಿಸಿಕೊಂಡು ಸಿದ್ಧವಾಗಿದ್ದರು. ಈ ಸಲ ಅವರೂ ಜಾಗ ಅಳೆದು ಇಟ್ಟಿದ್ದರು, ಸಾಲು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ಎಲ್ಲೂ ಕಾಣಲಿಲ್ಲ. ಒಳಗಿನಿಂದ ಕೊಡ ಇಡುವ ಸಪ್ಪಳ ಬರುತ್ತಿತ್ತು.

ಕಟ್ಟೆ ಇಳಿದು ಗೋದಲಿಗೆ ಬೆನ್ನು ಕೊಟ್ಟೆ. ಹಳೆಯ ಲೆನ್ಸು ತೆಗೆದು ಹೊಸದನ್ನು ಕೂಡಿಸಿದೆ. ಅಕ್ಕನನ್ನು ಕರೆಯಿರಿ ಎಂದೆ.

‘ವೈನಿಗೆ ಒಳಗ ಕೆಲಸ ಐತ್ರಿ ಬೀಗರ’ ಎಂದ ಹಿರಿಯ ಮೈದುನ. ‘ನಿಮ್ಮ ಕ್ಯಾಮೆರಾದಾಗ ಹಿಡಸಂಗಿಲ್ಲ ಅಂತ ಹಿಂದಕ್ಕ ನೋಡೇವಲ್ರಿ.’

‘ಈಗ ಹಿಡಸ್ತೈತಿ. ಗ್ವಾಡಿಯಿಂದ ಗ್ವಾಡಿತನಕ ಹಿಡಸ್ತೈತಿ. ಕರೀರಿ.’

ಯಾರೂ ಏಳಲಿಲ್ಲ. ಭಜನೆಯವರ ತಾಳ ನಿಂತಿತ್ತು. ಅವರಲ್ಲಿ ವಯಸ್ಸಾದವನೊಬ್ಬ, ಮುದುಕಿಯ ಓಣಿಯವನೇ, ತಾಳ ತೊಡೆಯ ಮೇಲಿಟ್ಟು ಹೇಳಿದ. ‘ಹಿರೇಸೊಸಿ ಇಲ್ಲದ ಹೆಂಗ ತಗೀತೀರಿ? ಮುದಿಕಿ ಉಚ್ಚಿ ಹೇಲು ಬಳದಾಕಿ ಆಕಿ.’

ಆ ಮಾತು ಹೊರಗೂ ಕೇಳಿಸಿತು. ಮಣ್ಣಿಗೆ ಬಂದ ಊರ ಜನರೆಲ್ಲ ಅಂಗಳದಲ್ಲಿದ್ದರು. ಮೈದುನ ಒಳಗೆ ಮುಖ ಮಾಡಿ ಕರೆದ. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಅತ್ತೆಯ ಮಗ್ಗುಲಿಗೆ ಜಾಗ ಬಿಡಲು ಯಾರೂ ಸರಿಯಲಿಲ್ಲ. ಅವಳು ಕೇಳಲೂ ಇಲ್ಲ. ಸಾಲಿನ ತುದಿಗೆ, ಅಡುಗೆಮನೆಯ ಬಾಗಿಲ ಆಚೆ, ಗೋಡೆಯ ಮೂಲೆಯಲ್ಲಿ ಕೂತಳು. ಅವಳ ಪಕ್ಕಕ್ಕೆ ಇದ್ದದ್ದು ಕಿರಿಯ ಮೈದುನನ ಸಣ್ಣ ಮಗು. ರೂಢಿಯ ಪ್ರಕಾರ ಅದು ಅವಳಿಗೆ ಒರಗಿತು. ಅವಳು ಅದರ ಬೆನ್ನ ಮೇಲೆ ಕೈ ಇಟ್ಟಳು. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ನೆಟ್ಟಗೆ ನನ್ನನ್ನೇ ನೋಡಿದಳು.

ಮೂಲೆಯಾದರೂ ಆಗಲಿ, ಒಳಗೆ ಬಂದಳಲ್ಲ ಎಂದುಕೊಂಡೆ. ಪಡಸಾಲೆಯ ಮಬ್ಬಿನಲ್ಲಿ, ಕ್ಯಾಮೆರಾದ ಕಿಂಡಿಯಲ್ಲಿ ಮುಖಗಳು ಬೆಳ್ಳನೆಯ ಚುಕ್ಕೆಗಳಷ್ಟೇ. ತೆಗೆದೆ. ಇನ್ನೊಂದು ತೆಗೆದೆ. ಅಷ್ಟರಲ್ಲಿ ಹೊರಗೆ ಬಾಜಾದವರು ಶುರು ಮಾಡಿದರು, ಎಲ್ಲರೂ ಎದ್ದರು.

ಮರುದಿನ ಕತ್ತಲೆಕೋಣೆಯಲ್ಲಿ ಕಾಗದ ಔಷಧದ ನೀರಿಗೆ ಹಾಕಿದೆ. ಮೊದಲು ಮುದುಕಿಯ ವಿಭೂತಿಯ ಹಣೆ ಮೂಡಿತು, ಮೈದುನರ ರುಮಾಲು ಮೂಡಿತು, ಮಕ್ಕಳ ಕಣ್ಣು. ಎಲ್ಲವೂ ಸ್ಪಷ್ಟ. ಕೊನೆಗೆ ಅಂಚಿನಲ್ಲಿ ಅಕ್ಕ ಮೂಡಿದಳು. ಅವಳ ಮುಖವನ್ನು ಯಾರೋ ಕಿವಿ ಹಿಡಿದು ಮೂಲೆಗೆ ಎಳೆದ ಹಾಗಿತ್ತು. ಒಂದು ಕೆನ್ನೆ ರೊಟ್ಟಿಯ ಹಾಗೆ ಹರಡಿತ್ತು. ಒಂದು ಕಣ್ಣು ದೊಡ್ಡದು, ಬಾಯಿ ಓರೆ. ಅಂಚಿಗೆ ಹೋದ ಹಾಗೆ ಗೆರೆಗಳೆಲ್ಲ ಕಲಸಿ ನೀರಾಗಿದ್ದವು. ಇನ್ನೊಂದು ತುದಿಯಲ್ಲಿ ಕೂತ ಹಿರಿಯ ಮೈದುನನ ಹೆಂಡತಿಯೂ ಅಗಲವಾಗಿದ್ದಳು, ಆದರೆ ಅವಳು ಅತ್ತೆಯ ಕಡೆ ತಿರುಗಿದ್ದರಿಂದ ಅಷ್ಟು ತಿಳಿಯುತ್ತಿರಲಿಲ್ಲ. ಎರಡನೆಯ ಫೋಟೋವನ್ನೂ ತೊಳೆದು ನೋಡಿದೆ. ಅದೂ ಅದೇ. ಅಂಗಡಿಯ ಹಿರಿಯರು ಚೇಷ್ಟೆ ಮಾಡಿರಲಿಲ್ಲ.

ಕೊಡದೆ ಇರುವಂತಿರಲಿಲ್ಲ. ಮುದುಕಿಯ ತಿಥಿಯೂಟದ, ಶಿವಗಣಾರಾಧನೆಯ ದಿನ ಒಯ್ದು ಕೊಟ್ಟೆ. ಕಿರಿಯ ಮೈದುನ ಬೆಳಕಿಗೆ ಹಿಡಿದು ನೋಡಿದ.

‘ಮೂಲ್ಯಾಗ ಯಾರಿದು, ಕುಂಬಳಕಾಯಿ ಇಟ್ಟಾರೇನು?’

ಕೂತವರಲ್ಲಿ ಕೆಲವರು ನಕ್ಕರು. ಸಾವಿನ ಮನೆಯಲ್ಲಿ ಹತ್ತಿಕ್ಕಿದ ನಗು. ಫೋಟೋ ಕೈಯಿಂದ ಕೈಗೆ ಹೋಯಿತು. ನೆಂಟರಲ್ಲಿ ಒಬ್ಬಳು ನಿಜವಾಗಿಯೇ ಯಾರೆಂದು ತಿಳಿಯದೆ ಕೇಳಿದಳು. ಕೊನೆಗೆ ಅದು ಅಕ್ಕನ ಕೈಗೆ ಬಂತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ತೋಳುದ್ದ ದೂರ ಹಿಡಿದು ನೋಡಿದಳು.

‘ನಾ ಹಿಂಗ ಅದೀನೇನೋ ತಮ್ಮಾ?’

ಇಲ್ಲ, ಅದು ಗಾಜಿನ ದೋಷ, ಅಂಚಿಗೆ ಕೂತರೆ ಹಾಗೆ ಎಂದು ವಿವರಿಸಿದೆ. ಕೇಳಿಸಿಕೊಂಡಳು.

‘ಇರಲಿ ಬಿಡು. ಇದ್ದೇನಲ್ಲ’ ಎಂದಳು.

ಬರುವ ಪಂಚಮಿಗೆ ಅವಳನ್ನು ಕರೆತರಲು ಹೋದೆ. ಪಡಸಾಲೆಯ ಗೋಡೆಯ ಮೇಲೆ ಅಕ್ಕನ ಗಂಡನ ಫೋಟೋದ ಮಗ್ಗುಲಿಗೆ ಅತ್ತೆಯ ಫೋಟೋ ತೂಗಿತ್ತು. ಗಾಜು, ಚೌಕಟ್ಟು, ಮೇಲೊಂದು ಹಾರ. ನನ್ನ ಕಣ್ಣು ಮೊದಲು ಹೋದದ್ದು ಮುದುಕಿಯ ಕಡೆಗೆ. ನಾನು ಅವಳನ್ನು ನಟ್ಟನಡುವೆ ಇಟ್ಟು ತೆಗೆದಿದ್ದೆ, ಈಗ ಅವಳು ನಡುವೆ ಇರಲಿಲ್ಲ. ಒಂದು ಕಡೆ ಮಾತ್ರ ಕತ್ತರಿ ಹಾಕಿಸಿದ್ದರು. ಸಾಲು ಆ ಮಗುವಿಗೆ ಮುಗಿದಿತ್ತು. ಮಗುವಿನ ಬೆನ್ನ ಮೇಲೆ ಒಂದು ಕೈ ಉಳಿದಿತ್ತು, ಮೊಣಕೈ ತನಕ.

‘ಚೌಕಟ್ಟಿಗೆ ಹಿಡಸಲಿಲ್ರಿ ಬೀಗರ’ ಎಂದ ಹಿರಿಯ ಮೈದುನ. ನೀರಿನ ತಂಬಿಗೆ ಮುಂದಿಟ್ಟ.

ನಾನು ಏನೋ ಹೇಳಲು ಹೊರಟಿದ್ದೆ. ಅಕ್ಕ ಒಳಗೆ ಕರೆದಳು. ಪಂಚಮಿಗೆ ಬರಲು ಆಗುವುದಿಲ್ಲ, ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದಳು. ಈಗ ತವರಿಗೆ ಹೋಗು ಎಂದು ಯಾರೂ ಅನ್ನುವುದಿಲ್ಲ ಎಂದೂ ಹೇಳಿದಳು. ದುಡಿಯುವವಳು ಬೇಕು, ಹಿರಿಸೊಸೆ ಬೇಡ, ಅಷ್ಟೇ. ಜೋಳದ ಚೀಲ ಇಡುವ ಕೋಣೆಯಲ್ಲಿ ಅವಳ ಹಾಸಿಗೆ ಇತ್ತು. ಅದು ನಮ್ಮ ಮಠದ ಶಾಲೆಯ ಹಾಸಿಗೆಯ ಹಾಗೆ ಸುತ್ತಿ ಗೋಡೆಗೆ ಇಟ್ಟಿತ್ತು.

ಹೊರಡುವಾಗ ಫೋಟೋದ ಕಡೆ ಗದ್ದ ತೋರಿಸಿದಳು. ‘ಕೈ ಕಡದಿಲ್ಲ ನೋಡು. ಅದನ್ನ ಕಡದ್ರ ಕೂಸೂ ಹೋಗ್ತಿತ್ತು.’

ಆ ಮೇಲಿನ ವರ್ಷಗಳಲ್ಲಿ ಆ ಲೆನ್ಸು ನನಗೆ ಚೆನ್ನಾಗಿ ದುಡಿದು ಕೊಟ್ಟಿತು. ಅಂಚಿಗೆ ಯಾರನ್ನೂ ಕೂಡಿಸಬಾರದು, ಅಲ್ಲಿ ಕೊಡವೋ ಚೀಲವೋ ಇರಲಿ ಎಂದು ಕಲಿತೆ. ಹುನಗುಂದ ಸೀಮೆಯಲ್ಲಿ ಇಡೀ ಮನೆಯನ್ನು ಒಂದೇ ಫೋಟೋದಲ್ಲಿ ಹಿಡಿಸುವವನೆಂದು ದೂರದಿಂದ ಕರೆಯಲು ಬರುತ್ತಿದ್ದರು. ಆಮೇಲೆ ಬಣ್ಣದ ಫಿಲ್ಮು ಬಂತು. ಹಣ ಹಾಕುವ ಡಬ್ಬಿ ಹೈಪೋದ್ದಲ್ಲ, ಬೇರೆಯದಾಯಿತು, ಆದರೆ ದೂರದ ಲೆನ್ಸಿನ ಮಾತು ಹಿಂದೆ ಬಿತ್ತು. ಮಕ್ಕಳ ಶಾಲೆ, ಸ್ಟುಡಿಯೋದ ಬಾಡಿಗೆ. ಬಾಗಲಕೋಟೆಯ ಹಿರಿಯರೂ ತೀರಿಕೊಂಡರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಕ್ಕ ತೀರಿಕೊಂಡ ಸುದ್ದಿ ಬಸ್ಸಿನ ಕಂಡಕ್ಟರನ ಬಾಯಿಂದ ಬಂತು. ಚೀಲ ತೆಗೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟೆ. ನಾವು ಹೋಗುವ ಹೊತ್ತಿಗೆ ಮಣ್ಣು ಕೊಟ್ಟು ಬಂದು ಎಲ್ಲರೂ ಕಾಲು ತೊಳೆಯುತ್ತಿದ್ದರು. ಹೊಲದ ಬದುವಿನಲ್ಲಿ ಹಸಿ ಮಣ್ಣಿನ ಗುಂಪೆ. ಪಡಸಾಲೆಯ ಗೂಟ ಬರಿದಾಗಿತ್ತು.

‘ಬ್ಯಾಸಗಿ ಬೀಗರ. ಇಡಾಕ ಬರಂಗಿರಲಿಲ್ಲ’ ಎಂದ ಹಿರಿಯ ಮೈದುನ.

ಕೂಡಿಸಿದ್ದಿರಾ ಎಂದು ಕೇಳಿದೆ. ಕೂಡಿಸಿದ್ದೆವು ಎಂದ. ಮಗ್ಗುಲಿಗೆ ಯಾರು ಕೂತಿದ್ದರು ಎಂದು ಕೇಳಲಿಲ್ಲ. ಚೀಲದ ಬಾಯಿ ತೆರೆಯದೆ ಸಂಜೆಯ ಬಸ್ಸಿಗೆ ಬಂದೆವು.

ವಾರದ ರಜೆಯ ದಿನ ಸ್ಟುಡಿಯೋದ ಕತ್ತಲೆಕೋಣೆ ಸೇರಿದೆ. ನೆಗೆಟಿವುಗಳನ್ನು ವರ್ಷದ ಪ್ರಕಾರ ಜೋಡಿಸಿ ಇಟ್ಟಿದ್ದರಿಂದ ಹುಡುಕಬೇಕಾಗಲಿಲ್ಲ. ಅಂಚಿನ ಭಾಗ ಒಂದನ್ನೇ ದೊಡ್ಡದು ಮಾಡಿದೆ. ಎಳೆದ ಮುಖವನ್ನು ಒಂದಿಷ್ಟು ತಿದ್ದಲು ಒಂದು ಉಪಾಯವಿದೆ. ಕಾಗದ ಇಡುವ ಹಲಗೆಯನ್ನು ಒಂದು ಕಡೆ ಎತ್ತಿ ಓರೆ ಮಾಡಿದರೆ ಹರಡಿದ್ದು ಒಳಗೆ ಸರಿಯುತ್ತದೆ. ಹಲಗೆಯ ಕೆಳಗೆ ಕಟ್ಟಿಗೆಯ ತುಂಡು ಇಟ್ಟು ಒಂದು ತೆಗೆದೆ. ಕೆನ್ನೆ ಇನ್ನೂ ಅಗಲವಿತ್ತು. ಇನ್ನೊಂದು ತುಂಡು ಇಟ್ಟೆ. ಮುಖ ಕೋಲಾಗಿ ನಮ್ಮ ಅವ್ವನ ಹಾಗೆ ಕಂಡಿತು. ತುಂಡು ತೆಗೆದು ಮಡಿಸಿದ ಕಾಗದ ಇಟ್ಟೆ. ಇನ್ನೊಂದು ಬಗೆ ಆಯಿತು. ಹೀಗೆ ನಾಲ್ಕು ಆದವು. ನಾಲ್ಕೂ ಅವಳಾಗಬಹುದಿತ್ತು.

ತಂತಿಗೆ ಒಣಗಲು ಹಾಕಿ ಹೆಂಡತಿಯನ್ನು ಕರೆದೆ. ಅವಳು ನೋಡಿ, ಇದು ಎಂದು ಎರಡನೆಯದನ್ನು ತೋರಿಸಿದಳು. ಸಂಜೆ ಒಣಗಿದ ಮೇಲೆ ಮತ್ತೆ ನೋಡಿ ಅಲ್ಲ, ಇದು ಎಂದು ಕೊನೆಯದನ್ನು ತೋರಿಸಿದಳು. ನನಗೆ ಅದೂ ಸರಿ ಅನ್ನಿಸಲಿಲ್ಲ. ಅಕ್ಕನದು ಇನ್ನೊಂದು ಫೋಟೋ ಇದ್ದಿದ್ದರೆ ಮಗ್ಗುಲಿಗೆ ಇಟ್ಟುಕೊಂಡು ಹಲಗೆ ಎಷ್ಟು ಎತ್ತಬೇಕೆಂದು ತಿಳಿಯುತ್ತಿತ್ತು. ಇರಲಿಲ್ಲ.

ನಾಲ್ಕನ್ನೂ ಇಟ್ಟುಕೊಂಡಿದ್ದೇನೆ. ಗೋಡೆಗೆ ಯಾವುದನ್ನೂ ಹಾಕಿಲ್ಲ.